ರನ್‌ವೇಯೇ ಅಂಗಳವಾದ ರಾಜಧಾನಿಯಿಂದ

ಕಳೆದ ವರ್ಷ ಜುಲೈ ತಿಂಗಳಲ್ಲಿ ಮಂಗಳೂರಿನಿಂದ ತಂಗಿಯ ಗಂಡ ದೂರವಾಣಿ ಮಾಡಿದ್ದರು. "ಭಾವ, ಆಸ್ಟ್ರೇಲಿಯಾದವರು ಚೀಟಿ ಎತ್ತಿ ವೀಸಾ ಕೊಡುತ್ತಾರಂತೆ. ಟಿವಿಯಲ್ಲಿ ಬಂತು. ನಮ್ಮ ಹುಡುಗನ ಹೆಸರೂ ಹಾಕಬಹುದೋ?" ಎಂಬುದು ಅವರ ಪ್ರಶ್ನೆ. ಅದು ನಮಗಲ್ಲ, ಟುವಾಲು ಎಂಬ ದ್ವೀಪದೇಶದವರಿಗೆ ಮಾತ್ರ ಎಂದೆ. "ಅದೆಲ್ಲಿ ಉಂಟು?" ಎಂದರು. ಫಿಜಿಯ ಉತ್ತರಕ್ಕೆ, ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ ಎಂದು ಹೇಳಿದಾಗ, "ಹಾಗಾದರೆ ಅವರಿಗೆ ಯಾಕೆ ಅಷ್ಟು ಸುಲಭ?" ಎಂದು ಸ್ವಲ್ಪ ಮುನಿಸಿನಿಂದಲೇ ಕೇಳಿದರು. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸುವುದು ನನ್ನಿಂದ ಆಗಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಮೊದಲು ಸುದ್ದಿ. 2025ರ ಜೂನ್ 16ರಿಂದ ಜುಲೈ 18ರವರೆಗೆ ಟುವಾಲು ಪ್ರಜೆಗಳು 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಒಂದು ಚೀಟಿ ಎತ್ತುವಿಕೆಗೆ ಹೆಸರು ನೋಂದಾಯಿಸುವ ಅವಕಾಶವಿತ್ತು. ವರ್ಷಕ್ಕೆ 280 ಮಂದಿಗೆ ಆಸ್ಟ್ರೇಲಿಯಾದ ಕಾಯಂ ವಾಸದ ಹಕ್ಕು. ಆ ಒಂದು ತಿಂಗಳಲ್ಲಿ ಕುಟುಂಬದ ಸದಸ್ಯರೂ ಸೇರಿ 8,750 ಹೆಸರುಗಳು ಬಂದವು. ಟುವಾಲುವಿನ ಒಟ್ಟು ಜನಸಂಖ್ಯೆ ಸುಮಾರು ಹತ್ತೂವರೆ ಸಾವಿರ. ಅಂದರೆ ಒಂದು ಸಾರ್ವಭೌಮ ರಾಷ್ಟ್ರದ ಹತ್ತರಲ್ಲಿ ಎಂಟು ಪಾಲು ಜನ ಹೊರಡುವ ಸರತಿಯಲ್ಲಿ ಹೆಸರು ಬರೆಸಿದ್ದಾರೆ. ಯುದ್ಧವಿಲ್ಲ, ಕ್ಷಾಮವಿಲ್ಲ, ದಂಗೆಯಿಲ್ಲ. ಚುನಾವಣೆ ಕಾಲಕಾಲಕ್ಕೆ ನಡೆಯುವ, ರಾಜಕೀಯ ಪಕ್ಷಗಳೇ ಇಲ್ಲದ, 16 ಸದಸ್ಯರ ಸಂಸತ್ತಿರುವ ಸೌಮ್ಯ ದೇಶವದು.

ಆ ದೇಶದ ರಾಜಧಾನಿ ಫುನಾಫುಟಿಯನ್ನು ನಾನು ಎರಡು ಬಾರಿ ನೋಡಿದ್ದೇನೆ: 2019ರಲ್ಲೊಮ್ಮೆ, 2025ರ ಅಕ್ಟೋಬರಿನಲ್ಲೊಮ್ಮೆ. ಎರಡೂ ಸಲ ಸಂದರ್ಶಕ ವೈದ್ಯರ ಸಣ್ಣ ತಂಡದ ಜೊತೆಗೆ, ತಲಾ ಎರಡು ವಾರ. ಸುವಾದಿಂದ ಹೊರಟ ಎರಡು ಪಂಖಗಳ ಎಟಿಆರ್ ವಿಮಾನ ಎರಡೂವರೆ ಗಂಟೆ ಬರಿಯ ನೀಲಿಯ ಮೇಲೆ ಹಾರುತ್ತದೆ. ಆಮೇಲೆ ಯಾರೋ ನೀರಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದಂತೆ ಒಂದು ಬಿಳಿ ಅಂಚು ಕಾಣುತ್ತದೆ, ಅಂಚಿನ ಒಳಗೆ ಪಚ್ಚೆಬಣ್ಣದ ನೀರು. ಆ ಗೆರೆಯೇ ನೆಲ. ಸುತ್ತ ಮೂವತ್ತಕ್ಕೂ ಹೆಚ್ಚು ತುಣುಕು ದಿಬ್ಬಗಳು, ನಡುವೆ 275 ಚದರ ಕಿಲೋಮೀಟರಿನ ಒಳಗಡಲು. ಎಲ್ಲ ತುಣುಕುಗಳನ್ನು ಒಟ್ಟು ಸೇರಿಸಿದರೂ ನೆಲ ಎರಡೂವರೆ ಚದರ ಕಿಲೋಮೀಟರಿನ ಆಸುಪಾಸು. ಜನ ಒತ್ತಾಗಿ ವಾಸಿಸುವುದು ಫೊಂಗಾಫಾಲೆ ಎಂಬ ಒಂದೇ ತುಣುಕಿನಲ್ಲಿ. ಉದ್ದ ಹನ್ನೆರಡು ಕಿಲೋಮೀಟರ್ ಇದ್ದರೂ ಅತಿ ಅಗಲದ ಜಾಗದಲ್ಲಿ 400 ಮೀಟರ್, ಅತಿ ಕಿರಿದಾದಲ್ಲಿ 20 ಮೀಟರ್. ಆ ಕಿರಿದಾದ ಜಾಗದಲ್ಲಿ ನಿಂತರೆ ಬಲಗಿವಿಗೆ ಮಹಾಸಾಗರದ ಮೊರೆತ ಕೇಳಿಸುತ್ತದೆ, ಎಡಗಡೆಯ ಒಳಗಡಲು ಮಾತ್ರ ಕೆರೆಯಂತೆ ಸುಮ್ಮನಿರುತ್ತದೆ. 2017ರ ಜನಗಣತಿಯಂತೆ ದೇಶದ ಹತ್ತರಲ್ಲಿ ಆರು ಮಂದಿ, ಆರು ಸಾವಿರಕ್ಕೂ ಹೆಚ್ಚು ಜನ, ಇಲ್ಲಿಯೇ ಇದ್ದಾರೆ. ಉಳಿದವರು ಹೊರ ದ್ವೀಪಗಳಲ್ಲಿ. ಅಲ್ಲಿಗೆ ವಿಮಾನವಿಲ್ಲ, ಹಡಗೊಂದೇ ಗತಿ.

ವಿಮಾನ ಇಳಿಯುವ ಮುನ್ನ ಸೈರನ್ ಕೂಗುತ್ತದೆ, ರನ್‌ವೇಯ ಮೇಲಿರುವವರು ಬದಿಗೆ ಸರಿಯುತ್ತಾರೆ. ವಿಮಾನ ವಾರಕ್ಕೆ ಕೆಲವೇ ಸಲ ಬರುವುದರಿಂದ ಮಿಕ್ಕ ಹೊತ್ತು ಆ ಒಂದೂವರೆ ಕಿಲೋಮೀಟರ್ ಡಾಂಬರು ಊರಿನ ಅಂಗಳ. ಸಂಜೆ ಐದಾದರೆ ಹುಡುಗರ ಫುಟ್‌ಬಾಲ್, ಹೆಂಗಸರ ವಾಲಿಬಾಲ್, ಮುದುಕರ ನಡಿಗೆ, ಮೋಟಾರ್ ಸೈಕಲ್ ಕಲಿಯುವವರ ಸುತ್ತಾಟ. ಸೆಕೆಯ ರಾತ್ರಿಗಳಲ್ಲಿ ಮುಂಡುಗದ ಎಲೆಯ ಚಾಪೆ ಹಾಸಿ ಅಲ್ಲಿಯೇ ಮಲಗುವವರೂ ಉಂಟು. ಪ್ರವಾಸಿಗರ ಬರಹಗಳಲ್ಲಿ ಇದನ್ನು ಬಹಳ ಮುದ್ದಾಗಿ ವರ್ಣಿಸಿರುತ್ತಾರೆ. ನನಗೂ ಮೊದಲ ಸಲ ಮುದ್ದಾಗಿಯೇ ಕಂಡಿತ್ತು. ಬೇರೆ ಬಯಲು ಇಲ್ಲದ ಕಾರಣ ಅಲ್ಲಿ ಆಡುತ್ತಾರೆ ಎಂಬುದು ನನಗೆ ಹೊಳೆದದ್ದು ಎರಡನೆಯ ವಾರದಲ್ಲಿ.

ಆ ಬಯಲಿಗೂ ಒಂದು ಕತೆಯಿದೆ. 1942ರ ಅಕ್ಟೋಬರಿನಲ್ಲಿ ಜಪಾನಿನ ವಿರುದ್ಧದ ಯುದ್ಧಕ್ಕಾಗಿ ಅಮೆರಿಕದ ಪಡೆಗಳು ಇಲ್ಲಿಗೆ ಬಂದವು. ದ್ವೀಪದ ಅತ್ಯಂತ ಅಗಲವಾದ ಭಾಗದಲ್ಲಿ ತೆಂಗಿನ ಮರಗಳನ್ನು ಕಡಿದು, ಊರಿನವರ ಕೆಸುವಿನ ಗುಂಡಿಗಳನ್ನು ಮುಚ್ಚಿ, ವಿಮಾನಗಳ ಓಡುದಾರಿ ಮಾಡಿದರು. ಅದಕ್ಕೆ ಬೇಕಾದ ಹವಳದ ಜಲ್ಲಿಯನ್ನು ಅದೇ ದ್ವೀಪದಿಂದ ಅಗೆದು ತೆಗೆದರು. ಅಗೆದ ಗುಂಡಿಗಳು ಹಾಗೆಯೇ ಉಳಿದವು. ಉಬ್ಬರದ ನೀರು ತುಂಬಿ, ಕಸ ತುಂಬಿ, ಎಪ್ಪತ್ತು ವರ್ಷ ಸೊಳ್ಳೆ ಮತ್ತು ದುರ್ವಾಸನೆಯ ತಾಣಗಳಾದವು. ನ್ಯೂಜಿಲೆಂಡಿನ ಹಣದಿಂದ, ಒಳಗಡಲ ಮರಳಿನಿಂದ, ಅವು ಮುಚ್ಚಲ್ಪಟ್ಟದ್ದು 2015ರಲ್ಲಿ. ಯುದ್ಧದ ಕಾಲದ ಇನ್ನೊಂದು ಸಂಗತಿಯನ್ನು ಇಲ್ಲಿನ ಹಿರಿಯರು ಮರೆತಿಲ್ಲ. 1943ರ ಏಪ್ರಿಲ್ 23ರಂದು ಜಪಾನೀ ವಿಮಾನಗಳು ಬಾಂಬು ಹಾಕಿದಾಗ 680 ಮಂದಿ ಇಗರ್ಜಿಯೊಳಗೆ ಆಶ್ರಯ ಪಡೆದಿದ್ದರು. ಲ್ಯಾಡ್ ಎಂಬ ಅಮೆರಿಕನ್ ಕಾರ್ಪೊರಲ್ ಒಬ್ಬ ಅವರನ್ನೆಲ್ಲ ಬಲವಂತದಿಂದ ಹೊರಡಿಸಿ ತೋಡಿದ ಕಂದಕಗಳಿಗೆ ಕಳುಹಿಸಿದ. ಸ್ವಲ್ಪ ಹೊತ್ತಿನಲ್ಲಿ ಬಾಂಬು ಇಗರ್ಜಿಯ ಮೇಲೆಯೇ ಬಿತ್ತು. ಹೊರಡು ಎಂದವನ ಮಾತು ಕೇಳಿದ್ದರಿಂದ ಒಂದು ಊರು ಉಳಿಯಿತು ಎಂಬ ನೆನಪು ಇರುವ ಜನಕ್ಕೆ ಈಗ ಮತ್ತೆ ಹೊರಡುವ ಮಾತು ಬಂದಿದೆ.

ಕರಾವಳಿಯಲ್ಲಿ ಹುಟ್ಟಿದ ನನಗೆ ಅಲ್ಲಿನ ಬದುಕಿನ ಅನೇಕ ಸಂಗತಿಗಳು ಅಪರಿಚಿತ ಅನ್ನಿಸಲಿಲ್ಲ. ತೆಂಗು, ಜೀಗುಜ್ಜೆ, ಮುಂಡುಗದ ಚಾಪೆ, ಮರದಿಂದ ಇಳಿಸಿದ ಸಿಹಿಗಳ್ಳು, ಮೀನು. ಪುಲಾಕಾ ಎಂಬ ಅವರ ಮುಖ್ಯ ಗಡ್ಡೆ ನಮ್ಮ ಕೆಸುವಿನ ದೊಡ್ಡ ಬಂಧು. ನಮ್ಮ ಮಂಗಳೂರಿನ ಹಳೆಯ ಧಕ್ಕೆಗೆ ಲಕ್ಷದ್ವೀಪದ ಮಂಜಿಗಳು ಬರುತ್ತಿದ್ದವಷ್ಟೆ. ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು ಎಂಬುದು ಇಂದಿನ ಅನೇಕರಿಗೆ ಗೊತ್ತಿರಲಾರದು. ಲಕ್ಷದ್ವೀಪವೂ ಟುವಾಲುವೂ ಒಂದೇ ಜಾತಿಯ ನೆಲ, ಹವಳ ಕಟ್ಟಿದ ನೆಲ. ಲಕ್ಷದ್ವೀಪದ ವಿಸ್ತೀರ್ಣ 32 ಚದರ ಕಿಲೋಮೀಟರ್, ಟುವಾಲುವಿನದು 26. ಲಕ್ಷದ್ವೀಪದ ಬೆನ್ನಿಗೆ ಒಂದು ಉಪಖಂಡವಿದೆ. ಟುವಾಲುವಿನ ಬೆನ್ನಿಗೆ ಏನೂ ಇಲ್ಲ.

ಹವಳದ ನೆಲ ಎಂದರೇನು ಎಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟದ್ದೇ ಫುನಾಫುಟಿ ಎನ್ನಬಹುದು. ಮುಳುಗುತ್ತಿರುವ ಜ್ವಾಲಾಮುಖಿಯ ಅಂಚಿನಲ್ಲಿ ಹವಳ ಮೇಲಕ್ಕೆ ಬೆಳೆಯುತ್ತಾ ಹೋಗಿ ಉಂಗುರದಂಥ ದ್ವೀಪವಾಗುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ ಊಹಿಸಿದ್ದ. ಅದನ್ನು ಪರೀಕ್ಷಿಸಲು ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಮೂರು ಬಾರಿ ಇಲ್ಲಿಗೆ ಕೊಳವೆ ಕೊರೆಯುವ ತಂಡಗಳನ್ನು ಕಳುಹಿಸಿತು. ಸಿಡ್ನಿಯ ಪ್ರಾಧ್ಯಾಪಕ ಎಜ್‌ವರ್ತ್ ಡೇವಿಡ್ ಎರಡನೆಯ ತಂಡದ ನಾಯಕ. ಕೊನೆಗೆ 340 ಮೀಟರ್ ಆಳಕ್ಕೆ ಹೋದರೂ ಸಿಕ್ಕಿದ್ದು ಹವಳಸುಣ್ಣವೇ, ತಳದ ಕಲ್ಲಲ್ಲ. ಡಾರ್ವಿನ್ ಸರಿ ಎಂಬ ವಾದಕ್ಕೆ ಬಲ ಬಂತು. ಆ ರಂಧ್ರದ ಗುರುತು ಈಗಲೂ ಊರಿನ ನಡುವೆ ಇದೆ. ವಿಜ್ಞಾನದ ಇತಿಹಾಸದಲ್ಲಿ ಆಸಕ್ತಿಯಿದ್ದವರು ನೋಡಲೇಬೇಕಾದ ತಾಣ; ನೋಡಲು ಮಾತ್ರ ಏನೂ ಇಲ್ಲ.

ಆ ರಂಧ್ರ ಹೇಳುವ ಮಾತು ಈಗಿನ ರಾಜಕಾರಣಕ್ಕೂ ಮುಖ್ಯ. ನೆಲವೆಂದರೆ ಇಲ್ಲಿ ಜರಡಿ. ಮಳೆನೀರು ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುವ ಒಂದು ತೆಳ್ಳನೆಯ ಸಿಹಿನೀರಿನ ಪದರವನ್ನು ನಂಬಿ ಕೆಸುವಿನ ಗುಂಡಿಗಳು ಇದ್ದವು. ಆ ಗುಂಡಿಗಳಿಗೆ ಉಪ್ಪು ನುಗ್ಗಿದೆ. ನದಿ, ತೊರೆ ಇಲ್ಲ. ಕುಡಿಯುವ ನೀರೆಂದರೆ ಮನೆಮನೆಯ ಸೂರಿನಿಂದ ತೊಟ್ಟಿಗೆ ಇಳಿಯುವ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 2011ರಲ್ಲಿ ಮಳೆ ತಪ್ಪಿದಾಗ ತುರ್ತುಪರಿಸ್ಥಿತಿ ಘೋಷಿಸಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಿಂದ ಉಪ್ಪುನೀರು ಶುದ್ಧೀಕರಿಸುವ ಯಂತ್ರಗಳನ್ನು ತರಿಸಬೇಕಾಯಿತು. ಇನ್ನು ಫೆಬ್ರವರಿ, ಮಾರ್ಚ್ ತಿಂಗಳ ಮಹಾ ಉಬ್ಬರದ ದಿನಗಳಲ್ಲಿ ಕಡಲು ದಡ ದಾಟಿ ಬರುವುದಿಲ್ಲ. ನೆಲದ ರಂಧ್ರಗಳಿಂದ ಮೇಲಕ್ಕೆ ಉಕ್ಕುತ್ತದೆ. ಅಂಗಳದ ನಡುವೆ, ರನ್‌ವೇಯ ಬದಿಯಲ್ಲಿ, ಮನೆಯ ಕೆಳಗೆ. ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತಕ್ಕೆ ನಾವು ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ಸುರಿಯುತ್ತೇವೆ. ಅದರಿಂದ ಎಷ್ಟು ಉಪಯೋಗ ಎಂಬುದು ಬೇರೆ ಮಾತು. ಇಲ್ಲಿ ಕಲ್ಲು ಸುರಿಯಲು ಕಲ್ಲೂ ಇಲ್ಲ, ಗೋಡೆ ಕಟ್ಟಿದರೆ ನೀರು ಗೋಡೆಯ ಅಡಿಯಿಂದ ಬರುತ್ತದೆ.

ಹಾಗೆಂದು ಇಲ್ಲಿನವರು ಕೈಕಟ್ಟಿ ಕುಳಿತಿಲ್ಲ. 2019ರಲ್ಲಿ ನಾನು ಬೆಳಗಿನ ಹೊತ್ತು ಕಾಲು ತೊಯಿಸಿಕೊಳ್ಳುತ್ತಿದ್ದ ಒಳಗಡಲ ಅಂಚು ಈ ಸಲ ಹೋದಾಗ ಇರಲಿಲ್ಲ. ಅಲ್ಲಿ ಸುಮಾರು 780 ಮೀಟರ್ ಉದ್ದ, 100 ಮೀಟರ್ ಅಗಲದ ಹೊಸ ನೆಲ ಎದ್ದು ನಿಂತಿತ್ತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಹಸಿರು ಹವಾಮಾನ ನಿಧಿಯ ನೆರವಿನಿಂದ, ಒಳಗಡಲ ತಳದ ಮರಳನ್ನು ಎತ್ತಿ ಮಾಡಿದ ಈ ಕೆಲಸ 2023ರ ಕೊನೆಗೆ ಮುಗಿಯಿತು. 2100ರ ನಂತರವೂ ನೀರಿನ ಮೇಲಿರುವಂತೆ ಅದರ ಎತ್ತರವನ್ನು ಲೆಕ್ಕ ಹಾಕಿದ್ದಾರೆ. ಇಡೀ ಫುನಾಫುಟಿಯಲ್ಲಿ ನಾನು ನೋಡಿದ ಅತ್ಯಂತ ಎತ್ತರದ, ಅತ್ಯಂತ ಬೋಳಾದ ಜಾಗ ಅದು. ಮಕ್ಕಳಿಗೆ ಆಡಲು ಎರಡನೆಯ ಬಯಲು ಸಿಕ್ಕಿದೆ ಎಂಬುದು ಸದ್ಯದ ಲಾಭ.

ವಿಜ್ಞಾನಿಗಳ ಮಾತಿನಲ್ಲೂ ಒಂದು ತೊಡಕಿದೆ; ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಆಕ್ಲೆಂಡ್ ವಿಶ್ವವಿದ್ಯಾಲಯದ ಪಾಲ್ ಕೆಂಚ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 1971ರಿಂದ 2014ರವರೆಗಿನ ಅವಧಿಯಲ್ಲಿ ಟುವಾಲುವಿನ 101 ದ್ವೀಪತುಣುಕುಗಳ ಒಟ್ಟು ನೆಲ ಕಡಿಮೆಯಾಗಿಲ್ಲ, ಶೇಕಡಾ 2.9ರಷ್ಟು ಹೆಚ್ಚಿದೆ. ಅಲೆಗಳು ಹವಳದ ಪುಡಿಯನ್ನು ತಂದು ಸುರಿಯುತ್ತವೆ, ದ್ವೀಪಗಳು ರೂಪ ಬದಲಿಸುತ್ತವೆ. 1972ರ ಬೆಬೆ ಚಂಡಮಾರುತ ಫುನಾಫುಟಿಯ ಮನೆಗಳನ್ನು ಕೆಡವಿದ ದಿನವೇ ಸಾಗರದ ಬದಿಗೆ ಹದಿನೆಂಟು ಹತ್ತೊಂಬತ್ತು ಕಿಲೋಮೀಟರ್ ಉದ್ದದ ಹವಳದ ಜಲ್ಲಿಯ ದಿಬ್ಬವನ್ನೂ ಎಸೆದು ಹೋಗಿತ್ತು. ಹವಾಮಾನ ಬದಲಾವಣೆಯೇ ಸುಳ್ಳು ಎನ್ನುವವರಿಗೆ ಈ ಅಧ್ಯಯನ ಬಹಳ ಪ್ರಿಯವಾಯಿತು. ಆದರೆ ನೆಲದ ವಿಸ್ತೀರ್ಣ ಬೇರೆ, ಬದುಕಲು ಆಗುವ ನೆಲ ಬೇರೆ. ಕಾಲು ಊದಿದ ರೋಗಿಯ ತೂಕ ಹೆಚ್ಚಿದರೆ ಅದನ್ನು ಆರೋಗ್ಯ ಎಂದು ವೈದ್ಯನಾದವನು ಬರೆಯುವುದಿಲ್ಲ. ನಾಸಾ 2023ರಲ್ಲಿ ನೀಡಿದ ಅಂದಾಜಿನಂತೆ ಟುವಾಲುವಿನಲ್ಲಿ ಮೂವತ್ತು ವರ್ಷದ ಹಿಂದಿಗಿಂತ ಕಡಲು 15 ಸೆಂಟಿಮೀಟರಿನಷ್ಟು ಮೇಲಿದೆ. 2050ರ ಹೊತ್ತಿಗೆ ಅಲ್ಲಿನ ನೆಲದ ಮತ್ತು ಮುಖ್ಯ ಕಟ್ಟಡಗಳ ಹೆಚ್ಚಿನ ಭಾಗ ಸಾಮಾನ್ಯ ಉಬ್ಬರದ ಮಟ್ಟಕ್ಕಿಂತ ಕೆಳಗೆ ಬೀಳಲಿದೆ. ಮುಳುಗುವ ಮೊದಲೇ ಊರು ವಾಸಯೋಗ್ಯವಲ್ಲದಾಗುತ್ತದೆ. ಕೆಸು ಬೆಳೆಯದಿದ್ದರೆ ಸಾಕು, ಬಾವಿ ಉಪ್ಪಾದರೆ ಸಾಕು.

ಇದನ್ನು ನಾನು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತು ಕಂಡೆ. ದೇಶಕ್ಕೆಲ್ಲ ಇರುವುದು ಒಂದೇ ಆಸ್ಪತ್ರೆ, ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆ. ಅಲ್ಲಿನ ವೈದ್ಯರಲ್ಲಿ ಹಲವರು ಕ್ಯೂಬಾದಲ್ಲಿ ಓದಿದವರು. ಅವರ ಸ್ಪ್ಯಾನಿಷ್ ಕೇಳುವುದು ಒಂದು ವಿಚಿತ್ರ ಸಂತೋಷ. ನನ್ನ ಮುಂದೆ ಬಂದವರಲ್ಲಿ ಹೆಚ್ಚಿನವರಿಗೆ ಮಧುಮೇಹ, ರಕ್ತದೊತ್ತಡ, ಕಾಲಿನ ಮಾಯದ ಗಾಯಗಳು. ಕೆಸುವಿನ ಗುಂಡಿ ಹಾಳಾದ ಮೇಲೆ ಊಟವೆಂದರೆ ಹಡಗಿನಲ್ಲಿ ಬರುವ ಅಕ್ಕಿ, ಮೈದಾ, ಸಕ್ಕರೆ, ಡಬ್ಬಿಯ ಮಾಂಸ. ಹೊಸ ನೆಲದ ಪಕ್ಕದಲ್ಲಿ ತೈವಾನಿನವರು ನಡೆಸುವ ತೋಟದಲ್ಲಿ ಸೌತೆ, ಸೊಪ್ಪು ಬೆಳೆಯುತ್ತಾರೆ. ಮಾರುವ ದಿನ ಬೆಳಗ್ಗೆಯೇ ಸಾಲು. ರೋಗ ಜಟಿಲವಾದರೆ ಫಿಜಿಗೆ ವಿಮಾನದಲ್ಲಿ ಕಳುಹಿಸಬೇಕು. ಆ ವೆಚ್ಚ ಅಷ್ಟು ಸಣ್ಣ ಸರಕಾರಕ್ಕೆ ದೊಡ್ಡ ಹೊರೆ. ಹೊರ ದ್ವೀಪದಲ್ಲಿ ಅಪೆಂಡಿಕ್ಸ್ ಕೆರಳಿದರೆ ಮೊದಲು ಹಡಗಿಗೆ ಕಾಯಬೇಕು. ಇದೇ ದೂರ ಒಮ್ಮೆ ಅವರನ್ನು ಕಾಪಾಡಿತ್ತು ಎಂಬುದನ್ನೂ ಹೇಳಬೇಕು: ಲೋಕವೆಲ್ಲ ಕೋವಿಡ್‌ನಲ್ಲಿ ಬೆಂದಾಗ ಟುವಾಲುವಿನ ಊರುಕೇರಿಗಳಿಗೆ ಅದು ತಲುಪಿದ್ದು 2022ರ ನವೆಂಬರಿನಲ್ಲಿ.

ಹಣಕಾಸಿನ ವಿಷಯದಲ್ಲಿ ಈ ದೇಶ ನಾವು ಊಹಿಸುವಷ್ಟು ನಿರ್ಗತಿಕವಲ್ಲ. ಟ್ಯೂನಾ ಮೀನು ಹಿಡಿಯುವ ವಿದೇಶಿ ಹಡಗುಗಳಿಂದ ಬರುವ ಪರವಾನಗಿ ಶುಲ್ಕ, 1987ರಲ್ಲಿ ಸ್ಥಾಪಿಸಿದ ನಿಧಿಯ ಬಡ್ಡಿ, ಮತ್ತು ಅಂತರಜಾಲ ವಿಳಾಸಗಳ ಕೊನೆಯ 'ಟಿವಿ' ಎಂಬ ಎರಡಕ್ಷರ ದೇಶಕ್ಕೆ ಅದೃಷ್ಟವಶಾತ್ ಸಿಕ್ಕಿದ್ದರಿಂದ ವರ್ಷಕ್ಕೆ ಸುಮಾರು ಒಂದು ಕೋಟಿ ಅಮೆರಿಕನ್ ಡಾಲರ್. ದೇಶ ಮುಳುಗಿದರೂ ಹೆಸರಿನ ಬಾಡಿಗೆ ಬರುತ್ತಿರಬಹುದು ಎಂಬುದು ಅಲ್ಲಿ ಕೇಳಿದ ಕಹಿ ತಮಾಷೆ. ಚಲಾವಣೆಯಲ್ಲಿರುವುದು ಆಸ್ಟ್ರೇಲಿಯನ್ ಡಾಲರ್. ಮೊದಲ ಎಟಿಎಂ ಬಂದದ್ದು 2025ರ ಏಪ್ರಿಲ್‌ನಲ್ಲಿ. ಪ್ರಧಾನಿ ಫೆಲೆಟಿ ಟಿಯೊ ಅವರೇ ಉದ್ಘಾಟನೆಗೆ ಬಂದಿದ್ದರು. ಎಟಿಎಂ ಬಂದ ಎರಡೇ ತಿಂಗಳಿಗೆ ವೀಸಾದ ನೋಂದಣಿ ಆರಂಭವಾಯಿತು.

ಆ ವೀಸಾ ದಯೆಯ ದಾನವಲ್ಲ, ಒಂದು ಒಪ್ಪಂದದ ಭಾಗ. 2023ರ ನವೆಂಬರಿನಲ್ಲಿ ರಾರೋಟೊಂಗಾದಲ್ಲಿ ಸಹಿಯಾಗಿ 2024ರ ಆಗಸ್ಟ್ 28ರಂದು ಜಾರಿಗೆ ಬಂದ ಆ ಒಪ್ಪಂದದ ಹೆಸರು ಫಾಲೆಪಿಲಿ. ಟುವಾಲು ಭಾಷೆಯಲ್ಲಿ ಅದಕ್ಕೆ ನೆರೆಮನೆಯವರು ಎಂಬ ಅರ್ಥ; ಕಷ್ಟಕ್ಕೆ ಒದಗಬೇಕಾದ ನೆರೆಮನೆಯವರು. ಕಡಲು ಎಷ್ಟೇ ಏರಿದರೂ ಟುವಾಲುವಿನ ರಾಷ್ಟ್ರತ್ವ ಮುಂದುವರಿಯುತ್ತದೆ ಎಂದು ಆಸ್ಟ್ರೇಲಿಯಾ ಅದರಲ್ಲಿ ಒಪ್ಪಿಕೊಂಡಿದೆ. ವರ್ಷಕ್ಕೆ 280 ಮಂದಿಗೆ ಬಾಗಿಲು ತೆರೆದಿದೆ. ಬದಲಿಗೆ ಟುವಾಲು ಬೇರಾವ ದೇಶದೊಡನೆ ರಕ್ಷಣೆ, ಪೊಲೀಸ್, ಬಂದರು, ದೂರಸಂಪರ್ಕ, ಇಂಧನದಂಥ ವಿಷಯಗಳಲ್ಲಿ ಭದ್ರತೆಯ ಒಪ್ಪಂದ ಮಾಡಿಕೊಳ್ಳುವುದಾದರೂ ಆಸ್ಟ್ರೇಲಿಯಾದ ಸಮ್ಮತಿ ಬೇಕು. ಸೊಲೊಮನ್ ದ್ವೀಪಗಳು 2022ರಲ್ಲಿ ಚೀನಾದೊಡನೆ ಭದ್ರತಾ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕ್ಯಾನ್‌ಬೆರಾದಲ್ಲಿ ನಿದ್ದೆ ಕೆಟ್ಟಿತ್ತು ಎಂಬುದನ್ನು ನೆನೆದರೆ ಈ ಷರತ್ತಿನ ಮೂಲ ತಿಳಿಯುತ್ತದೆ. ತೈವಾನಿಗೆ ಮನ್ನಣೆ ನೀಡುವ ಪೆಸಿಫಿಕ್‌ನ ಮೂರೇ ದೇಶಗಳಲ್ಲಿ ಟುವಾಲು ಒಂದು. ಸಾರ್ವಭೌಮತ್ವವನ್ನು ಮಾರಿದಿರಿ ಎಂದು ಮಾಜಿ ಪ್ರಧಾನಿ ಎನೆಲೆ ಸೊಪೊಆಗಾ ಕಟುವಾಗಿ ವಿರೋಧಿಸಿದರು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 1974ರ ಜನಮತದಲ್ಲಿ ಗಿಲ್ಬರ್ಟ್ ದ್ವೀಪಗಳಿಂದ ಬೇರೆಯಾಗಿ, 1978ರ ಅಕ್ಟೋಬರ್ 1ರಂದು ಬ್ರಿಟನ್ನಿನಿಂದ ಸ್ವತಂತ್ರರಾದವರು ಇವರು. ಸ್ವಾತಂತ್ರ್ಯಕ್ಕೆ ಐವತ್ತು ತುಂಬುವ ಮೊದಲೇ ಅದರ ಒಂದು ಎಸಳನ್ನು ಕೊಟ್ಟು ಕಾಲೂರಲು ನೆಲ ಪಡೆದಿದ್ದಾರೆ.

ನನ್ನ ತಂಗಿಯ ಗಂಡನ ಮುನಿಸಿಗೆ ಕಾರಣವಾದದ್ದು ಈ ವೀಸಾದ ಷರತ್ತುಗಳು. ಉದ್ಯೋಗದ ಕರೆ ಬೇಕಿಲ್ಲ. ಗರಿಷ್ಠ ವಯಸ್ಸಿಲ್ಲ. ಅಂಗವೈಕಲ್ಯ, ದೀರ್ಘಕಾಲದ ಕಾಯಿಲೆ ಅಡ್ಡಿಯಲ್ಲ. ಬಂದ ದಿನದಿಂದ ಮೆಡಿಕೇರ್, ಮಕ್ಕಳ ಶಾಲೆ. ಬೇಕೆಂದಾಗ ಊರಿಗೆ ಹೋಗಿ ಬರಬಹುದು. ನಮ್ಮವರ ದಾರಿ ಬೇರೆ ಎಂಬುದು ಇದನ್ನು ಓದುತ್ತಿರುವ ಅನೇಕರಿಗೆ ಗೊತ್ತು. ಕೌಶಲದ ವೀಸಾಗಳಿಗೆ ಸಾಮಾನ್ಯವಾಗಿ 45ರ ಮಿತಿ, ಅಂಕಗಳ ಲೆಕ್ಕ, ಇಂಗ್ಲಿಷ್ ಪರೀಕ್ಷೆ. ಮನೆಯ ಒಬ್ಬ ಸದಸ್ಯರಿಗೆ ದುಬಾರಿ ಚಿಕಿತ್ಸೆ ಬೇಕಾಗುವ ಕಾಯಿಲೆಯಿದ್ದರೆ ಇಡೀ ಕುಟುಂಬದ ಅರ್ಜಿ ತಿರಸ್ಕೃತವಾಗಬಹುದು. ತಂದೆತಾಯಿಯರನ್ನು ಕರೆಸಿಕೊಳ್ಳುವ ಸಾಮಾನ್ಯ ವೀಸಾದ ಕಾಯುವಿಕೆ ಮೂವತ್ತು ವರ್ಷ. ಎಪ್ಪತ್ತು ದಾಟಿದ ತಾಯಿಗೆ ಮೂವತ್ತು ವರ್ಷ ಕಾಯಿರಿ ಎನ್ನುವ ಕಾಗದವನ್ನು ಯಾರು ಹೇಗೆ ಟೈಪ್ ಮಾಡುತ್ತಾರೋ. ಭಾರತೀಯರಿಗೂ ಚೀಟಿ ಎತ್ತುವ ವೀಸಾಗಳಿವೆ: 2024ರಲ್ಲಿ ಆರಂಭವಾದ ರಜಾ ಮತ್ತು ದುಡಿಮೆಯ ವೀಸಾ ವರ್ಷಕ್ಕೆ 1,000, ಎಳೆಯ ಪದವೀಧರರ ಮೇಟ್ಸ್ ಯೋಜನೆ ವರ್ಷಕ್ಕೆ 3,000. ಎರಡೂ ತಾತ್ಕಾಲಿಕ, ಎರಡಕ್ಕೂ ಮೂವತ್ತರ ವಯೋಮಿತಿ. ಬಾವನಿಗೆ ಈ ಮಾಹಿತಿಯನ್ನು ಆಮೇಲೆ ಕಳುಹಿಸಿದ್ದೇನೆ.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ನಮ್ಮ ಹುಡುಗ ಆಸ್ಟ್ರೇಲಿಯಾಕ್ಕೆ ಬಂದರೆ ಮಂಗಳೂರು ಅಲ್ಲಿಯೇ ಇರುತ್ತದೆ. ವರ್ಷಕ್ಕೆ 280 ಎಂದರೆ ಟುವಾಲುವಿನ ಶೇಕಡಾ ಎರಡೂವರೆಗೂ ಹೆಚ್ಚು. ಕರ್ನಾಟಕದ 2011ರ ಜನಗಣತಿಯ ಲೆಕ್ಕಕ್ಕೆ ಹೋಲಿಸಿದರೆ ಪ್ರತಿ ವರ್ಷ ಸುಮಾರು 16 ಲಕ್ಷ ಜನ ಹೊರಟು ಹೋದಂತೆ. ಹೋಗುವವರು ಯಾರು? 2025ರ ಡಿಸೆಂಬರಿನಲ್ಲಿ ಮೊದಲು ಆಯ್ಕೆಯಾದವರ ಸುದ್ದಿ ಬಂದಾಗ ಅವರಲ್ಲಿ ಒಬ್ಬ ದಂತವೈದ್ಯರಿದ್ದರು, ಒಬ್ಬ ಧರ್ಮಗುರುವಿದ್ದರು, ಫೋರ್ಕ್‌ಲಿಫ್ಟ್ ನಡೆಸುವ ದೇಶದ ಮೊದಲ ಮಹಿಳೆಯಿದ್ದರು. ಹತ್ತು ಸಾವಿರ ಜನರ ದೇಶದಲ್ಲಿ ಒಬ್ಬ ದಂತವೈದ್ಯ ಹೋದರೆ ಅದು ಅಂಕಿಅಂಶವಲ್ಲ, ಹಲ್ಲುನೋವಿನವರ ಸಾಲು. ಈ ಮಾತನ್ನು ಬರೆಯುವ ಹಕ್ಕು ನನಗೆಷ್ಟಿದೆ ಎಂಬ ಪ್ರಶ್ನೆ ಇದ್ದೇ ಇದೆ. ಸರಕಾರಿ ಕಾಲೇಜಿನಲ್ಲಿ, ಕನ್ನಡಿಗರ ತೆರಿಗೆಯಲ್ಲಿ ಎಂಬಿಬಿಎಸ್ ಓದಿ, ಎಂಡಿ ಮುಗಿಸಿ, ಎರಡು ವರ್ಷ ತಾಲೂಕು ಆಸ್ಪತ್ರೆಯಲ್ಲಿದ್ದು, ಮೂವತ್ತೆರಡಕ್ಕೆ ಹೊರಟು ಬಂದವನು ನಾನು. ಆ ಖುರ್ಚಿಯಲ್ಲಿ ಬಹಳ ಕಾಲ ಯಾರೂ ಕೂರಲಿಲ್ಲ ಎಂದು ಆಮೇಲೆ ಕೇಳಿದೆ.

ಇನ್ನೊಂದು ಕಡೆಯ ಲೆಕ್ಕವೂ ಇದೆ. 2019ರ ಆಗಸ್ಟಿನಲ್ಲಿ ಪೆಸಿಫಿಕ್ ದ್ವೀಪಗಳ ನಾಯಕರ ಸಭೆ ನಡೆದದ್ದು ಇದೇ ಫುನಾಫುಟಿಯಲ್ಲಿ. ಅಂದು ಕಲ್ಲಿದ್ದಲಿನ ಮಾತು ಬಂದಾಗ ಆಸ್ಟ್ರೇಲಿಯಾಕ್ಕೂ ದ್ವೀಪದೇಶಗಳಿಗೂ ತೀವ್ರ ವಾಗ್ವಾದವಾಗಿತ್ತು. ಕಲ್ಲಿದ್ದಲು, ಅನಿಲಗಳ ರಫ್ತಿನಲ್ಲಿ ಆಸ್ಟ್ರೇಲಿಯಾ ಈಗಲೂ ಜಗತ್ತಿನ ಮುಂಚೂಣಿಯಲ್ಲಿದೆ. ನಾನಿರುವ ಕ್ವೀನ್ಸ್‌ಲ್ಯಾಂಡಿನ ಗಣಿಗಳ ಸಂಪತ್ತಿನಿಂದಲೇ ಇಲ್ಲಿನ ಆಸ್ಪತ್ರೆಗಳೂ ನಡೆಯುತ್ತವೆ, ನನ್ನ ಸಂಬಳವೂ ಬರುತ್ತದೆ. ಆ ಕಲ್ಲಿದ್ದಲನ್ನು ಕೊಳ್ಳುವವರಲ್ಲಿ ಭಾರತವೂ ಇದೆ. ಪಡುಬಿದ್ರಿಯ ಬಳಿಯ ಉಷ್ಣವಿದ್ಯುತ್ ಸ್ಥಾವರ ಆಮದು ಕಲ್ಲಿದ್ದಲನ್ನು ನಂಬಿ ಕಟ್ಟಿದ್ದು. ಬಾವನ ಮನೆಯ ದೀಪಕ್ಕೂ ಟುವಾಲುವಿನ ಅಂಗಳದ ಉಪ್ಪುನೀರಿಗೂ ನೇರವಾದ ತಂತಿ ಎಳೆಯಲು ನಾನು ಹೊರಟಿಲ್ಲ. ಆದರೆ "ಅವರಿಗೆ ಯಾಕೆ ಸುಲಭ" ಎಂಬ ಪ್ರಶ್ನೆಗೆ ಉತ್ತರ ಆ ಕಡೆಯಲ್ಲೆಲ್ಲೋ ಇದೆ.

ಜನ ಹೋದ ಮೇಲೂ ದೇಶ ಉಳಿಯುವುದು ಹೇಗೆ ಎಂಬುದಕ್ಕೆ ಟುವಾಲುವಿನವರು ಕೊಟ್ಟಷ್ಟು ಯೋಚನೆಯನ್ನು ಬೇರಾರೂ ಕೊಟ್ಟಿಲ್ಲ. 2021ರಲ್ಲಿ ವಿದೇಶಾಂಗ ಸಚಿವ ಸೈಮನ್ ಕೋಫೆ ಕೋಟು ಟೈ ಧರಿಸಿ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಹವಾಮಾನ ಸಮ್ಮೇಳನಕ್ಕೆ ಭಾಷಣ ಮಾಡಿದ್ದನ್ನು ಓದುಗರು ನೋಡಿರಬಹುದು. ಮರುವರ್ಷ ದೇಶದ ನೆಲ, ದಾಖಲೆ, ಸಂಸ್ಕೃತಿಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡುವ ಯೋಜನೆ ಬಂತು. 2023ರಲ್ಲಿ ಸಂವಿಧಾನವನ್ನೇ ತಿದ್ದಿ, ನೆಲ ಹೋದರೂ ರಾಷ್ಟ್ರ ಶಾಶ್ವತ ಎಂದು ಬರೆದುಕೊಂಡರು. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಒಮ್ಮೆ ಸ್ಥಾಪಿತವಾದ ರಾಷ್ಟ್ರ ಅದರ ಒಂದು ಅಂಗ ಇಲ್ಲವಾದ ಮಾತ್ರಕ್ಕೆ ಅಳಿಯಲೇಬೇಕೆಂದಿಲ್ಲ ಎಂದಿತು. ಕಾನೂನಿನ ಮಟ್ಟದಲ್ಲಿ ಇದು ಸಣ್ಣ ಗೆಲುವಲ್ಲ. ಆದರೆ ರಾಷ್ಟ್ರ ಬೇರೆ, ಊರು ಬೇರೆ. ಆಕ್ಲೆಂಡಿನಲ್ಲಿ ಈಗಾಗಲೇ ಸಾವಿರಾರು ಟುವಾಲು ಮೂಲದವರಿದ್ದಾರೆ. ವೈಟುಪು ದ್ವೀಪದವರು 1947ರ ಹೊತ್ತಿಗೇ ಫಿಜಿಯ ಕಿಯೋವಾ ದ್ವೀಪವನ್ನು ಕೊಂಡು, ಒಂದು ಊರಾಗಿಯೇ ಹೋಗಿ ನೆಲೆಸಿ, ಇಂದಿಗೂ ತಮ್ಮ ಭಾಷೆಯನ್ನು ಉಳಿಸಿಕೊಂಡಿದ್ದಾರೆ. ಊರಾಗಿ ಹೋಗುವುದಕ್ಕೂ ಚೀಟಿ ಬಿದ್ದವರು ಒಂದೊಂದು ಮನೆಯಾಗಿ ಮೆಲ್ಬರ್ನ್, ಅಡಿಲೇಡ್, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಚದುರುವುದಕ್ಕೂ ಬಹಳ ವ್ಯತ್ಯಾಸವಿದೆ. ಕನ್ನಡ ಶಾಲೆಗಳನ್ನು ಭಾನುವಾರದ ಎರಡು ಗಂಟೆಗೆ ಇಳಿಸಿಕೊಂಡ ನಮಗೆ ಇದನ್ನು ವಿವರಿಸಬೇಕಿಲ್ಲ.

ಅಕ್ಟೋಬರಿನ ಎರಡು ವಾರ ನನ್ನ ಜೊತೆ ರೋಗಿಗಳ ಮಾತನ್ನು ಅನುವಾದಿಸುತ್ತಿದ್ದ ಹಿರಿಯ ದಾದಿಯೊಬ್ಬರಿದ್ದರು. ಗಂಡ, ಇಬ್ಬರು ಮಕ್ಕಳು ಸೇರಿ ಹೆಸರು ಕೊಟ್ಟಿದ್ದರು. ಚೀಟಿ ಇನ್ನೂ ಬಂದಿರಲಿಲ್ಲ. ಕೊನೆಯ ಸಂಜೆ ಅವರ ಮನೆಗೆ ಊಟಕ್ಕೆ ಕರೆದರು. ಮನೆಯ ಪಕ್ಕದಲ್ಲಿಯೇ, ಅಲ್ಲಿನ ವಾಡಿಕೆಯಂತೆ, ಹಿರಿಯರ ಸಮಾಧಿಗಳು. ಹೂವಿಟ್ಟು, ಮೇಲೊಂದು ತಗಡಿನ ಚಪ್ಪರ. ಅವರ ತಾಯಿ ಸಮಾಧಿಯ ಕಟ್ಟೆಗೆ ಒರಗಿ ಕುಳಿತು ಚಾಪೆ ಹೆಣೆಯುತ್ತಿದ್ದರು. ಎಂಬತ್ತು ವರ್ಷ, ಮಧುಮೇಹ, ಒಂದು ಕಣ್ಣು ಮಬ್ಬು. ನಾನು ಡಾಕ್ಟರೆಂದು ತಿಳಿದು ಮಗಳ ಮೂಲಕ ಒಂದು ಪ್ರಶ್ನೆ ಕೇಳಿದರು. ಕಣ್ಣಿನ ಬಗ್ಗೆ ಇರಬಹುದೆಂದು ನಾನು ಕಾದೆ. ನೀವಿರುವ ಊರಿನಲ್ಲಿ ಸತ್ತವರನ್ನು ಮನೆಯ ಹತ್ತಿರ ಹೂಳಲು ಬಿಡುತ್ತಾರೆಯೇ ಎಂಬುದು ಪ್ರಶ್ನೆ. ಬಿಡುವುದಿಲ್ಲ, ಊರಿನ ಹೊರಗೆ ಬೇರೆ ಜಾಗವಿರುತ್ತದೆ ಎಂದೆ. ಮಗಳು ಅನುವಾದಿಸಿದರು. ಮುದುಕಿ ತಲೆಯಾಡಿಸಿ ಹೆಣೆಯುವುದನ್ನು ಮುಂದುವರಿಸಿದರು.

ನಾನು ಹೊರಡುವಾಗ ದಾದಿಯ ಗಂಡ ಮನೆಯ ಹಿಂದೆ ಹೊಸ ನೀರಿನ ತೊಟ್ಟಿಗೆ ಸೂರಿನಿಂದ ಕೊಳವೆ ಜೋಡಿಸುತ್ತಿದ್ದರು. ಹೋಗುವವರು ತೊಟ್ಟಿ ಯಾಕೆ ಕೂರಿಸುತ್ತಿದ್ದೀರಿ ಎಂದು ಕೇಳಬಾರದಿತ್ತು, ಕೇಳಿದೆ. "ಚೀಟಿ ಬೀಳದಿದ್ದರೆ ಮುಂದಿನ ಸಲ ಮತ್ತೆ ಹಾಕುತ್ತೇವೆ, ಡಾಕ್ಟರೇ. ಅಲ್ಲಿಯವರೆಗೆ ನೀರು ಬೇಕಲ್ಲ" ಎಂದರು. ಬೆಳಗ್ಗೆ ಸೈರನ್ ಕೂಗಿದಾಗ ರನ್‌ವೇಯ ಅಂಚಿನಲ್ಲಿ ಶಾಲೆಗೆ ಹೊರಟ ಅವರ ಇಬ್ಬರು ಮಕ್ಕಳು ವಿಮಾನ ಇಳಿಯುವುದನ್ನು ನೋಡುತ್ತಾ ನಿಂತಿದ್ದರು.